ಲಿಂಗಕ್ಕೆ ತೋರಿಸಿ ಕುಡಿದ ಔಷಧ

ಮೈಯಲ್ಲಿ ಎಲ್ಲೂ ಕೆಂಪಿಲ್ಲದ ನಮ್ಮ ಅತ್ತಿಗೆಗೆ ನಾಲಗೆ ಮಾತ್ರ ಕೆಂಪಗಿತ್ತು. ಎಲೆಯಡಿಕೆ ಹಾಕಿಕೊಂಡವರ ಕೆಂಪಲ್ಲ ಅದು. ಮೇಲಿನ ತರಿಯೆಲ್ಲ ಸವೆದುಹೋಗಿ ಹಸಿ ಗಾಯದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ತುಟಿ, ಒಸಡು, ಅಂಗೈ, ಕಣ್ಣರೆಪ್ಪೆಯ ಒಳಗು ಎಲ್ಲ ಸುಣ್ಣದ ಬಣ್ಣ. ಊಟಕ್ಕೆ ಕೂತಾಗ ಸಾರಿಗೆ ಬೆರಳದ್ದಿ ನಾಲಗೆಯ ತುದಿಗೆ ಮುಟ್ಟಿಸಿ ನೋಡುವಳು. ಉರಿದರೆ ಕಣ್ಣು ಬಿಗಿಯಾಗಿ ಮುಚ್ಚಿ, ಮತ್ತೆ ತೆರೆದು, ನನ್ನ ಕಡೆ ನೋಡಿ ನಗುವಳು.

"ಮೆಣಸಿನಕಾಯ್ಗೂ ನಂಗೂ ಓದ್ ಜಲ್ಮದ ವೈರ ಕಣಮ್ಮಿ" ಅನ್ನುವಳು.

ಬೀದಿಯ ಹೆಂಗಸರಿಗೆ ಮಾತ್ರ ಅವಳನ್ನು ಕಂಡರೆ ಹೊಟ್ಟೆಕಿಚ್ಚು. "ಬಂದಾಗ ಕಪ್ಪಗಿದ್ಲು, ಈಗ್ ನೋಡು ಎಂಗೆ ಬೆಳ್ಳಗಾಗವ್ಳೆ! ಮೈಯೂ ತುಂಬ್ಕೊಂಡವ್ಳೆ. ನಿಮ್ಮನೆ ನೀರು ಒಗ್ಗಿಬುಡ್ತು ಕಣಕ್ಕಾ" ಎಂದು ಅವ್ವನಿಗೆ ಹೇಳುವರು. ಅವ್ವ ಹಿಗ್ಗುವಳು. ತುಂಬಿಕೊಂಡದ್ದು ಮೈಯಲ್ಲ, ಊತ. ಪಾದದ ಮೇಲೆ ಬೆರಳೊತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತಿತ್ತು. ನಾನು ಆಟಕ್ಕೆಂದು ಅದನ್ನು ಒತ್ತಿ ಒತ್ತಿ ನೋಡಿದ್ದೇನೆ. ಬಿಳಿ ಚರ್ಮ ಅಂದರೆ ಬಾಯಿಬಿಡುವ ನಮ್ಮ ಜನಕ್ಕೆ ರಕ್ತ ಇಳಿಯುತ್ತಿರುವವಳೂ ರೂಪಸಿಯಾಗಿಯೇ ಕಾಣುತ್ತಾಳೆ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಮ್ಮದು ಹೊಳೆನರಸೀಪುರದಲ್ಲಿ ಕೊಬ್ಬರಿ, ಬೆಲ್ಲದ ವ್ಯಾಪಾರ ಮಾಡುವ ಲಿಂಗಾಯತರ ಮನೆ. ಅಪ್ಪ ನಾನು ತೊಟ್ಟಿಲಲ್ಲಿರುವಾಗಲೇ ಪ್ಲೇಗಿನಲ್ಲಿ ಹೋಗಿದ್ದ. ಮಂಡಿಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ, ಮನೆಯನ್ನು ಅವ್ವ ಆಳುತ್ತಿದ್ದಳು. ಅತ್ತಿಗೆ ಚನ್ನರಾಯಪಟ್ಟಣದ ಕಡೆಯ ಒಬ್ಬ ಹಳ್ಳಿ ಮೇಷ್ಟರ ಮಗಳು. ಮದುವೆಯಾಗಿ ಬಂದಾಗ ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ಪುಸ್ತಕವೇ ಜಾಸ್ತಿ ಇತ್ತು. "ಸೊಸೆ ತಂದ್ನೋ, ಶಾನುಭೋಗ್ರ ಮನೆ ಕಟ್ಟು ತಂದ್ನೋ" ಎಂದು ಅವ್ವ ಗೊಣಗಿದಳಂತೆ. ಆದರೆ ಸಂಜೆಯಾದರೆ ಅವ್ವನೇ ದೀಪ ಹಚ್ಚಿ, ಬತ್ತಿ ಏರಿಸಿ, "ಏನಾರಾ ಓದು ಮಗಾ" ಎಂದು ಅವಳ ಮುಂದೆ ಕೂರುತ್ತಿದ್ದಳು.

ಅತ್ತಿಗೆಯ ಒಂದು ಅಭ್ಯಾಸವನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ಎಲ್ಲರ ಎದೆಯ ಮೇಲೂ ಲಿಂಗ ಇರುತ್ತದೆ. ಹುಟ್ಟಿದ ಮೇಲೆ ಕಟ್ಟಿದ್ದು ಮಣ್ಣಿಗೆ ಹೋಗುವವರೆಗೆ ಮೈ ಬಿಟ್ಟು ಅಗಲಬಾರದು, ಅದಕ್ಕೆ ಅರ್ಪಿಸದೆ ಏನನ್ನೂ ತಿನ್ನಬಾರದು ಎಂಬುದು ನೇಮ. ನೇಮ ಎಲ್ಲರಿಗೂ ಗೊತ್ತು. ಊಟದ ಹೊತ್ತಿಗೆ ಒಮ್ಮೆ ಕೈಮುಗಿದು ಮುಗಿಸುವವರೇ ಹೆಚ್ಚು. ಅತ್ತಿಗೆ ಹಾಗಲ್ಲ. ಒಂದು ಕಡಲೆಕಾಯಿ ಬೀಜವಾದರೂ ಸರಿ, ಎದೆಯ ಮೇಲೆ ಲಿಂಗವಿರುವ ಬೆಳ್ಳಿ ಕರಡಿಗೆಯ ಹತ್ತಿರ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿ ಆಮೇಲೆ ಬಾಯಿಗೆ ಹಾಕಿಕೊಳ್ಳುವಳು. ನಾನು ಕದ್ದು ತಂದ ಹುಣಸೆಕಾಯಿಯನ್ನೂ ಹಾಗೇ ತೋರಿಸಿ ತಿನ್ನುವಳು.

"ಕದ್ದಿದ್ದು ಅಂತ ಅವ್ನಿಗೆ ಗೊತ್ತಾಗಲ್ವಾ?" ಎಂದು ನಾನೊಮ್ಮೆ ಕೇಳಿದೆ.

"ಗೊತ್ತಾಗ್ಲಿ ಅಂತ್ಲೇ ತೋರ್ಸೋದು. ಅವ್ನ ಕಣ್ ತಪ್ಸಿ ತಿಂದ್ರೆ ಒಟ್ಟೆಗೆ ಇಳೀತದಾ?" ಅಂದಳು.

ಅವಳಿಗೆ ಅದು ಮಡಿಯೂ ಅಲ್ಲ, ಭಯವೂ ಅಲ್ಲ. ಮನೆಯಲ್ಲಿ ಜೊತೆಗಿರುವ ಒಬ್ಬರನ್ನು ಬಿಟ್ಟು ಒಬ್ಬಳೇ ತಿನ್ನಲಾರದ ಸಂಕೋಚ, ಅಷ್ಟೆ. ಇದನ್ನು ಅರ್ಥ ಮಾಡಿಕೊಳ್ಳದವರು ಮುಂದೆ ನಡೆದದ್ದಕ್ಕೆ ಅವಳನ್ನು ಮೂಢಳೆಂದು ಕರೆದರು. ಮೂಢರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವಳು ಆ ಪೈಕಿಯಲ್ಲ.

ನನ್ನ ಓದು ನಾಲ್ಕನೆಯ ತರಗತಿಗೆ ನಿಂತುಹೋಗುವುದರಲ್ಲಿತ್ತು. ಮಿಡ್ಲ್ ಸ್ಕೂಲು ಊರಿನ ಆ ತುದಿಗೆ, ದೊಡ್ಡ ಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಅವ್ವ ತೀರ್ಮಾನ ಮಾಡಿದ್ದಳು. "ನಾಲ್ಕಕ್ಷರ ಬಂತಲ್ಲ, ಅಷ್ಟ್ ಸಾಕು. ಓದ್ಕಂಡು ಯಾವ್ ಅಮಲ್ದಾರಿ ಮಾಡ್ಬೇಕು ಇವ್ಳು?" ಎಂದಳು. ಅತ್ತಿಗೆ ಅತ್ತೆಗೆ ಎದುರಾಡುವವಳಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತಲೇ, "ಲೆಕ್ಕ ಇಷ್ಟ್ ಚೆಂದಾಗಿ ಬರೋ ಮಗೀನ ಒಲೆ ಮುಂದೆ ಕೂರಿಸ್ಬ್ಯಾಡಿ ಅತ್ತೆಮ್ಮಾ. ಒಬ್ಳೇ ಓಗೋದು ಬ್ಯಾಡ ಅಂದ್ರೆ ನಾನೇ ಓಗಿ ಬುಟ್ ಬತ್ತೀನಿ" ಅಂದಳು. ಸೊಸೆ ಬೀದಿಯಲ್ಲಿ ನಡೆದುಹೋಗುವುದೇ ಎಂದು ಅವ್ವ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾನೇ ಬುತ್ತಿ ಕಟ್ಟಿಕೊಟ್ಟಳು.

ಹಾಗೆ ಶುರುವಾಯಿತು ನಮ್ಮ ನಡಿಗೆ. ಹೇಮಾವತಿಯ ದಡದ ಹಾದಿ. ಅತ್ತಿಗೆ ಹತ್ತು ಹೆಜ್ಜೆಗೊಮ್ಮೆ ಏನಾದರೊಂದು ನೋಡಲು ನಿಲ್ಲುವಳು. "ತಡಿ ತಡಿ, ಆ ಕತ್ತೆ ಏನೋ ಯೋಚ್ನೆ ಮಾಡ್ತಾ ಅದೆ, ನೋಡಾನ." ಅಗಸರ ಕತ್ತೆ ಯೋಚನೆ ಮುಗಿಸುವವರೆಗೆ ನಿಲ್ಲುವಳು. ಇನ್ನೊಂದಿಷ್ಟು ದೂರ ಹೋದರೆ ಹೊಳೆಯ ನೀರು ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಎಂದು ನೋಡಬೇಕು. ಅದಾದ ಮೇಲೆ ಯಾರದೋ ಜಗಲಿಯ ರಂಗೋಲಿ. ಅದೆಷ್ಟು ಕುತೂಹಲ ನಮ್ಮ ಅತ್ತಿಗೆಗೆ ಎಂದು ನಾನು ಹೆಮ್ಮೆ ಪಡುತ್ತಿದ್ದೆ. ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುವುದು ನಿಲ್ಲಲೆಂದು ಕತ್ತೆಯನ್ನು ನೋಡುತ್ತಿದ್ದಳು.

ಮೊದಲನೆಯ ಮಗು ಅದಕ್ಕೂ ಮುಂಚೆಯೇ ಹೊಟ್ಟೆಯಲ್ಲಿ ತೀರಿಹೋಗಿತ್ತು. ಗಂಡು. ಎರಡನೆಯ ಸಲ ಬಸುರಾದಾಗ ನಾಲಗೆಯ ಉರಿ ಹೆಚ್ಚಿತು, ಊತ ಮೊಣಕಾಲಿಗೆ ಏರಿತು, ದೇವರ ಗೂಡಿಗೆ ದೀಪ ಇಡಲು ಎದ್ದವಳು ಹಾಗೇ ಗೋಡೆಗೆ ಜಾರಿ ಕೂತುಬಿಟ್ಟಳು. ಆಗ ಅಣ್ಣ ಧೈರ್ಯ ಮಾಡಿ ಊರಿನ ಡಾಕ್ಟರನ್ನು ಮನೆಗೆ ಕರೆದುಕೊಂಡು ಬಂದ.

ಡಾಕ್ಟರು ಸಣ್ಣ ಆಳು, ಮಾತು ಒರಟು. ಅತ್ತಿಗೆಯ ಕೆಳರೆಪ್ಪೆ ಎಳೆದು ನೋಡಿದರು, ನಾಲಗೆ ಚಾಚಿಸಿ ನೋಡಿದರು, ಪಾದ ಒತ್ತಿ ನೋಡಿದರು. ಮೊದಲು ಕಬ್ಬಿಣದ ಗುಳಿಗೆ ಕೊಟ್ಟರು. ಅದರಿಂದ ಪ್ರಯೋಜನವಾಗಲಿಲ್ಲ. ಒಂದು ತಿಂಗಳ ಮೇಲೆ ಬಂದು, ಅಣ್ಣನನ್ನು ಪಡಸಾಲೆಗೆ ಕರೆದು, ಬಾಗಿಲ ಹಿಂದೆ ನಾನಿದ್ದೇನೆಂಬ ಪರಿವೆಯೂ ಇಲ್ಲದೆ ಹೇಳಿದರು.

"ನೋಡಪ್ಪ, ಇದು ಬಸುರಿಯರಿಗೆ ಬರೋ ರಕ್ತದ ಕಾಯಿಲೆ. ಇದಕ್ಕೆ ಗುಣ ಕಂಡಿರೋ ಔಷಧ ಒಂದೇ. ಕುರಿ ಲಿವರ್ರು, ನಿಮ್ಮ ಕಡೆ ಈಲಿ ಅಂತಾರಲ್ಲ, ಅದು."

ವೈದ್ಯ ಹೇಳಿದ್ದೂ ಹಾಲು ಅನ್ನ, ರೋಗಿ ಬಯಸಿದ್ದೂ ಹಾಲು ಅನ್ನ ಎಂದು ಗಾದೆ ಕಟ್ಟಿದವನು ನಮ್ಮ ಪಡಸಾಲೆಯಲ್ಲಿ ಆವತ್ತು ಇದ್ದಿದ್ದರೆ ಅಣ್ಣನ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದ.

"ನಮ್ ಮನೇಲಿ... ಅದು... ಎಂಗ್ ಸಾ?" ಎಂದ ಅಣ್ಣ.

"ಬೇಯಿಸಿ ಹಾಕು ಅನ್ತಾ ಇಲ್ಲ. ಅದರ ಸಾರ ತೆಗೆದು ಸೀಸೆಯಲ್ಲಿ ತುಂಬಿರ್ತಾರೆ. ವಿಲಾಯತಿ ಸೀಮೆಯಿಂದ ಬರುತ್ತೆ. ಬೆಂಗಳೂರಿಂದ ತರಿಸ್ತೀನಿ. ಏನು ಎತ್ತ ಅಂತ ಅವರಿಗೆ ಹೇಳೋಕೆ ಹೋಗಬೇಡ. ಔಷಧ ಅಂತ ಕೊಡು, ಅಷ್ಟೇ."

ಸೀಸೆ ಬಂತು. ಕಪ್ಪಗೆ, ಮಂದವಾಗಿ, ಹಳೆಯ ಬೆಲ್ಲದ ಪಾಕದ ಹಾಗಿತ್ತು. ವಾಸನೆ ಮಾತ್ರ ಹೇಳತೀರದು. ಅಣ್ಣನೇ ಚಮಚದಲ್ಲಿ ಹುಯ್ದು ಕೊಡುತ್ತಿದ್ದ. ಅತ್ತಿಗೆ ಚಮಚವನ್ನು ಎದೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಲಿಂಗಕ್ಕೆ ತೋರಿಸಿ, ಮೂಗು ಹಿಡಿದು ನುಂಗುವಳು. "ಪಾಪ, ಅವ್ನಿಗೂ ಈ ವಾಸ್ನೆ ಕುಡ್ಸಂಗಾಯ್ತಲ್ಲ" ಎಂದು ನಗುವಳು. ಅಣ್ಣ ಬೇರೆ ಕಡೆ ನೋಡುತ್ತಿದ್ದ.

ಆಮೇಲೆ ಆದದ್ದನ್ನು ನೋಡಿಯೇ ನಂಬಬೇಕು. ಮೂರು ವಾರಕ್ಕೆ ನಾಲಗೆಯ ಉರಿ ನಿಂತಿತು. ಊತ ಇಳಿಯಿತು. ಬೆಳಗ್ಗೆ ಹೊಸ್ತಿಲು ಸಾರಿಸುವಾಗ ಅವಳ ತುಟಿಯ ಮೇಲೆ ಮೊದಲ ಸಲ ಒಂದು ಬಣ್ಣ ನೋಡಿದೆ. ಒಂದು ದಿನ ಸ್ಕೂಲಿಗೆ ಹೊರಟವಳು ಎಲ್ಲೂ ನಿಲ್ಲದೆ ನಡೆದಳು. ಕತ್ತೆ ಇತ್ತು, ಹೊಳೆ ಇತ್ತು, ರಂಗೋಲಿಯೂ ಇತ್ತು. ಅವಳು ಯಾವುದನ್ನೂ ನೋಡದೆ ಮಾತಾಡಿಕೊಂಡು ಹೋದಳು. ಸ್ಕೂಲಿನ ಬಾಗಿಲಲ್ಲಿ ನಿಂತು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, "ಏನ್ ಸದ್ದೇ ಇಲ್ವಲ್ಲಮ್ಮಿ ಒಳಗೆ!" ಎಂದು ಬೆರಗಾದಳು. ನನ್ನ ಜೀವನದಲ್ಲಿ ನಾನು ಕಂಡ ಸುಖದ ದಿನ ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಕೆಡಿಸಿದ್ದು ಅಣ್ಣ. ಕೆಟ್ಟತನದಿಂದಲ್ಲ, ಒಳ್ಳೆಯತನದಿಂದ. ಹೆಂಡತಿ ದಿನಾ ಮಾಂಸದ ಸಾರವನ್ನು ಲಿಂಗಕ್ಕೆ ಅರ್ಪಿಸುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ನಿಲ್ಲಿಸು ಎನ್ನಲೂ ಆಗುತ್ತಿರಲಿಲ್ಲ. ಅವಳ ಪಾಪ ತನ್ನ ಮೇಲೆ ಬರಲೆಂದು ಯಾರಿಗೂ ಹೇಳದೆ ಒಪ್ಪೊತ್ತು ಹಿಡಿದ. ರಾತ್ರಿಯ ಊಟ ಬಿಟ್ಟ. ಮಂಡಿಯಲ್ಲಿ ಉಂಡೆ, ಹಸಿವಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ದಿನಕ್ಕೊಂದು ನೆಪ. ಅತ್ತಿಗೆಯ ಕೆನ್ನೆ ತುಂಬುತ್ತ ಬಂದ ಹಾಗೆ ಅವನ ಕೆನ್ನೆ ಇಳಿಯುತ್ತ ಬಂತು. ಅತ್ತಿಗೆಗೆ ಕಾಯಿಲೆ ಇದ್ದಾಗ ಇದು ಕಾಣುತ್ತಿತ್ತೋ ಇಲ್ಲವೋ. ಈಗ ಅವಳಿಗೆ ಕಣ್ಣು ಚುರುಕಾಗಿತ್ತು. ಒಂದು ಸೋಮವಾರ ಅವನನ್ನು ಅಡಿಗೆಮನೆಯಲ್ಲಿ ತಡೆದು ನಿಲ್ಲಿಸಿ, ಯಾವ ಹರಕೆ ಇದು, ಯಾರಿಗೋಸ್ಕರ ಎಂದು ಕೇಳಿದಳು. ಅಣ್ಣನಿಗೆ ಸುಳ್ಳು ಬರುವುದಿಲ್ಲ. ವ್ಯಾಪಾರದಲ್ಲೂ ಬರುತ್ತಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ.

ಅತ್ತಿಗೆ ಕೂಗಾಡಲಿಲ್ಲ. ಸೀಸೆ ತೆಗೆದು ಅಟ್ಟದ ಮೇಲೆ ಇಟ್ಟಳು. ಒಲೆ ಮುಂದೆ ಕೂತು ಎದೆಯ ಮೇಲಿನ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡಳು, ಯಾರಿಂದಲೋ ಬಚ್ಚಿಡುವ ಹಾಗೆ.

ಅವ್ವನಿಗೂ ವಿಷಯ ಗೊತ್ತಾಯಿತು. ಅವ್ವ ಸಿಡಿದೇಳುತ್ತಾಳೆಂದು ನಾನು ಹೆದರಿದ್ದೆ. ಅವಳು ಸೀದಾ ಹೋಗಿ ಮಠದ ಅಯ್ಯನವರನ್ನು ಕರೆದುಕೊಂಡು ಬಂದಳು. ಅಯ್ಯನವರು ವಯಸ್ಸಾದವರು, ಒಳ್ಳೆಯವರು. ಎಲ್ಲ ಕೇಳಿಕೊಂಡು, "ಪ್ರಾಣಕ್ಕೆ ಬಂದಾಗ ಔಷಧಕ್ಕೆ ದೋಷವಿಲ್ಲ ತಾಯಿ. ನಿನಗೆ ಮನಸ್ಸು ಒಪ್ಪದಿದ್ದರೆ ಅದನ್ನು ಲಿಂಗಕ್ಕೆ ತೋರಿಸಬೇಡ. ಸುಮ್ಮನೆ ಕುಡಿದುಬಿಡು" ಎಂದರು. ಧರ್ಮವೇ ಬಾಗಿಲು ತೆರೆದು ಕೊಟ್ಟಿತ್ತು.

ಅತ್ತಿಗೆ ಎದೆಯ ಮೇಲಿನ ಕೈ ತೆಗೆಯದೆಯೇ ಕೇಳಿದಳು.

"ಬುದ್ಧಿ, ಗೊತ್ತಿಲ್ದಾಗ ಕುಡ್ದಿದ್ದು ಔಷ್ದ. ಅದಕ್ಕೆ ಅವ್ನೂ ಏನೂ ಅನ್ಕಳಲ್ಲ. ಈಗ ಗೊತ್ತಾಗೋಯ್ತು. ತೋರ್ಸುದ್ರೆ ಅವ್ನಿಗೆ ಮಾಂಸ ಇಟ್ಟಂಗೆ. ತೋರ್ಸದೆ ಕುಡುದ್ರೆ ಅವ್ನ ಬೆನ್ನಿಂದೆ ಕದ್ದು ತಿಂದಂಗೆ. ನೀವೇ ಏಳಿ, ಯಾವ್ದ ಮಾಡ್ಲಿ?"

ಅಯ್ಯನವರು ವಿಭೂತಿ ಕೊಟ್ಟು ಹೋದರು.

ಡಾಕ್ಟರು ಬಂದು ರೇಗಾಡಿದರು. "ನಿಮ್ಮ ಹಾಗೆ ಬಸುರಲ್ಲಿ ರಕ್ತ ಇಲ್ಲದೆ ಈ ದೇಶದಲ್ಲಿ ಎಷ್ಟು ಹೆಂಗಸರು ಸಾಯ್ತಾರೆ ಅಂತ ಯಾರೂ ಎಣಿಸಿಲ್ಲಮ್ಮ! ಎಣಿಸಿದ್ರೆ ಸರ್ಕಾರಕ್ಕೆ ನಿದ್ದೆ ಬರ್ತಿರಲಿಲ್ಲ" ಎಂದು ಕೂಗಿದರು.

"ಎಣ್ಸಕ್ಕೆ ಸಿಕ್ಕೋರು ಸಿಗ್ಲಿ ಬುಡಿ ಸಾ. ನಾನ್ ಯಾವ್ ಎಣಿಕೇಲಿ ಇವ್ನಿ" ಎಂದಳು ಅತ್ತಿಗೆ.

ನಾನು ಅವಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅವಳು ನನ್ನ ತಲೆ ಸವರಿದಳು. ಕಡೆಗೆ ಡಾಕ್ಟರೇ ಸ್ವಲ್ಪ ತಣ್ಣಗಾಗಿ, "ಅದೇ ಸಾರ ಸೂಜಿಮದ್ದಾಗಿಯೂ ಬರುತ್ತೆ. ಬಾಯಿಗೇ ಹಾಕಬೇಕಾಗಿಲ್ಲ. ತೋಳಿಗೆ ಚುಚ್ಚೋದು. ಅದಾದರೂ ಆಗುತ್ತಾ?" ಎಂದು ಕೇಳಿದರು. ಮಾರನೆಯ ದಿನ ಅತ್ತಿಗೆ ಅವ್ವನ ಹತ್ತಿರ ಬಂದು, "ಬಾಯಿಗ್ ಬರ್ದಿದ್ಮೇಲೆ ಅದು ಊಟ ಅಲ್ಲ ಅಲ್ವಾ ಅತ್ತೆಮ್ಮಾ? ಚುಚ್ಚುಸ್ಕೋತೀನಿ" ಎಂದಳು. ಅವ್ವ ಸೊಸೆಯನ್ನು ತಬ್ಬಿಕೊಂಡು ಅತ್ತಳು. ನಾವೆಲ್ಲ ಗೆದ್ದೆವೆಂದುಕೊಂಡೆವು.

ಆ ಸೂಜಿಮದ್ದು ಸಿಗಲಿಲ್ಲ. ಎರಡನೆಯ ಮಹಾಯುದ್ಧ ಶುರುವಾಗಿತ್ತು. ಸೀಮೆಯಿಂದ ಬರುವ ಹಡಗಿನಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಿಂದ ಇಲ್ಲವೆಂದು ಜವಾಬು ಬಂತು. ಬಾಯಿಗೆ ಹಾಕುವ ಸೀಸೆಯೂ ಈಗ ಬರುತ್ತಿಲ್ಲ ಎಂದರು. ಅಟ್ಟದ ಮೇಲಿದ್ದ ಸೀಸೆಯ ತಳದಲ್ಲಿ ಅಂಟಿಕೊಂಡಷ್ಟು ಮಾತ್ರ ಉಳಿದಿತ್ತು. ಅಣ್ಣ ಮಂಡಿಗೆ ಬಾಗಿಲು ಹಾಕಿ ಊರೂರು ಅಲೆದ. ರೈಲು ಹತ್ತಿ ಹಾಸನಕ್ಕೆ ಹೋದ. ಚನ್ನರಾಯಪಟ್ಟಣದಲ್ಲಿ ಮಾವನ ಗುರುತಿನವರನ್ನೆಲ್ಲ ಕೇಳಿದ. ಅರಕಲಗೂಡಿನ ಆಚೆ ಕಾಫಿ ತೋಟದ ಒಬ್ಬ ಬಿಳಿಯ ದೊರೆಯ ಹತ್ತಿರ ಒಂದು ಪೆಟ್ಟಿಗೆ ಮದ್ದಿದೆ ಎಂದು ಯಾರೋ ಹೇಳಿದರೆಂದು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಅಲ್ಲಿಗೂ ಹೋದ. ಏರು ಬಂದಾಗ ಎಲ್ಲರೂ ಇಳಿದು ತಳ್ಳಬೇಕಾದ ಬಸ್ಸು ಅದು. ಹೋಗುವಾಗ ಆಸೆಯಿಂದ ತಳ್ಳಿದನಂತೆ. ಆ ದೊರೆ ಆರು ತಿಂಗಳ ಹಿಂದೆಯೇ ದಂಡಿಗೆ ಸೇರಿ ಹೊರಟುಹೋಗಿದ್ದ. ಅಣ್ಣ ಮೈಯೆಲ್ಲ ಮಸಿ ಮಾಡಿಕೊಂಡು ಮನೆಗೆ ಬಂದು ಜಗಲಿಯ ಮೇಲೆ ಕೂತ.

ಅಷ್ಟರಲ್ಲಿ ಅತ್ತಿಗೆ ಹಾಸಿಗೆ ಹಿಡಿದಿದ್ದಳು. ಎಂಟು ತಿಂಗಳು ತುಂಬಿತ್ತು. ಮಾತಾಡಿದರೆ ಏದುಸಿರು.

ಆಗ ಅವ್ವ ಮಾಡಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರೆ ತಪ್ಪು ತಿಳಿಯುವವರು ಯಾರೂ ಉಳಿದಿಲ್ಲ. ಅವ್ವ ಅಣ್ಣನಿಗೆ, "ಓಗ್ ಮಗಾ, ಅದ್ನೇ ತಕಂಬಾ" ಅಂದಳು. ಏನನ್ನು ಎಂದು ಅವನು ಕೇಳಲಿಲ್ಲ. ಮುತ್ತುಗದೆಲೆಯಲ್ಲಿ ಸುತ್ತಿ, ಮೇಲೆ ಬಟ್ಟೆ ಸುತ್ತಿ ತಂದ. ಅವ್ವ ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿ, ಹೊಸ ಮಡಕೆ ಇಟ್ಟು, ಮೂಗಿಗೆ ಸೆರಗು ಕಟ್ಟಿಕೊಂಡು ಕೂತಳು. ಮೊಟ್ಟೆಯನ್ನು ಕೂಡ ಹತ್ತಿರದಿಂದ ನೋಡದವಳು ಆ ಕರೀ ಕೆಂಪು ತುಂಡುಗಳನ್ನು ಕೋಲಿನಿಂದ ನೀರಿಗೆ ದೂಡಿದಳು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದಳು.

"ಇದು ಬೆಂದದೆ ಅಂತ ಎಂಗ್ ಗೊತ್ತಾಗ್ತದೆ ಕಣಮ್ಮಿ?"

ನನಗೇನು ಗೊತ್ತು? ನಮ್ಮ ಮನೆತನದಲ್ಲಿ ಯಾರಿಗೆ ಗೊತ್ತು? ಸೊಪ್ಪು ಬೆಂದದ್ದು, ಕಾಳು ಬೆಂದದ್ದು ಹೊರಗಿನಿಂದ ವಾಸನೆ ನೋಡಿಯೇ ಹೇಳುವ ಹೆಂಗಸು, ಉಪ್ಪು ಎಷ್ಟು ಹಾಕಬೇಕೆಂದು ತಿಳಿಯದೆ ಕೈಯಲ್ಲಿ ಉಪ್ಪು ಹಿಡಿದುಕೊಂಡು ಮಡಕೆಯ ಮುಂದೆ ಕೂತಿದ್ದಳು. ರುಚಿ ನೋಡುವ ಹಾಗೂ ಇರಲಿಲ್ಲ. ಬೇಯುವುದು ಒಂದು ಕಡೆ, ಅವಳ ಕಣ್ಣಲ್ಲಿ ನೀರು ಒಂದು ಕಡೆ.

ತಟ್ಟೆಗೆ ಹಾಕಿಕೊಂಡು ಬಂದು ಅವ್ವ ಅತ್ತಿಗೆಯ ಹಾಸಿಗೆಯ ಹತ್ತಿರ ಕೂತಳು. ಅತ್ತಿಗೆ ತಟ್ಟೆಯನ್ನು ನೋಡಿದಳು, ಅವ್ವನನ್ನು ನೋಡಿದಳು, ಬೇಡವೆಂದು ತಲೆ ಆಡಿಸಿದಳು.

"ನೀನ್ ತೋರ್ಸಬ್ಯಾಡ" ಅಂದಳು ಅವ್ವ. "ನಾನ್ ತೋರಿಸ್ತೀನಿ. ಪಾಪ ಬಂದ್ರೆ ನಂಗ್ ಬರ್ಲಿ. ನಂಗಿನ್ನೆಷ್ಟು ದಿನ."

ಹಾಗೆಂದು ಆ ತಟ್ಟೆಯನ್ನು ತನ್ನ ಎದೆಯ ಮೇಲಿನ ಲಿಂಗದ ಹತ್ತಿರಕ್ಕೆ ಎತ್ತಿ ಹಿಡಿದಳು. ಕಣ್ಣು ಮುಚ್ಚಿ, ಬಾಯಲ್ಲಿ ಮಂತ್ರ ಹೇಳಿ, ತೆರೆದು, "ಈಗಿದು ಪ್ರಸಾದ. ಉಣ್ಣು ಮಗಾ" ಅಂದಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಲೋಕ ಆಡಿಕೊಳ್ಳುತ್ತದೆ. ಆವತ್ತು ನಾನು ನೋಡಿದ ಅತ್ತೆಸೊಸೆಯನ್ನು ಲೋಕ ನೋಡಿಲ್ಲ.

ಅತ್ತಿಗೆ ಬಾಯಿ ತೆರೆದಳು. ಅವ್ವ ತಿನ್ನಿಸಿದಳು. ಎರಡು ತುತ್ತು ಹೋಯಿತು. ಮೂರನೆಯದಕ್ಕೆ ಮೈಯೆಲ್ಲ ಹಿಂಡಿ ಎಲ್ಲವೂ ಆಚೆ ಬಂತು. ಅತ್ತಿಗೆ ಬಾಯಿ ಒರೆಸಿಕೊಂಡು, "ಇನ್ನೊಂದ್ಸಲ ನೋಡಾನ ಅತ್ತೆಮ್ಮಾ" ಎಂದಳು. ಇನ್ನೊಂದು ಸಲವೂ ಹಾಗೇ ಆಯಿತು. ಮಾರನೆಯ ದಿನ, ಅದರ ಮಾರನೆಯ ದಿನ, ಅವ್ವ ಬೇಯಿಸಿದಳು, ತೋರಿಸಿದಳು, ತಿನ್ನಿಸಿದಳು. ಮನಸ್ಸು ಒಪ್ಪಿತ್ತು, ಹೊಟ್ಟೆ ಒಪ್ಪಲಿಲ್ಲ. ತಲೆತಲಾಂತರದ ಅಭ್ಯಾಸವನ್ನು ಮೂರು ದಿನದಲ್ಲಿ ಬಿಡು ಎಂದರೆ ಕರುಳಿಗೆ ತಿಳಿಯುತ್ತದೆಯೇ?

ನಾಲ್ಕನೆಯ ದಿನ ನೋವು ಶುರುವಾಯಿತು. ಮಗು ಅಳಲಿಲ್ಲ. ಹೆಣ್ಣು ಎಂದು ಅವ್ವ ಹೇಳಿದಳು. ಅತ್ತಿಗೆಗೆ ಜಾಸ್ತಿ ರಕ್ತವೇನೂ ಹರಿಯಲಿಲ್ಲ, ಹರಿಯಲು ಅವಳಲ್ಲಿ ಉಳಿದಿದ್ದರಲ್ಲವೇ. ಡಾಕ್ಟರು ಅವಳ ಕೈ ಹಿಡಿದುಕೊಂಡು ಕೂತೇ ಇದ್ದರು. ಮಾರನೆಯ ದಿನ ಬೆಳಗ್ಗೆ ನಾನು ಹತ್ತಿರ ಹೋದಾಗ ಅತ್ತಿಗೆ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು.

"ಯಾಕಮ್ಮಿ, ಇವತ್ತು ಇಸ್ಕೂಲಿಲ್ವಾ?"

ಇದೆ ಎಂದೆ. "ಓಗು ಮತ್ತೆ" ಎಂದಳು. ನಾನು ಹೋಗಲಿಲ್ಲ. ಮಧ್ಯಾಹ್ನ ಹೊತ್ತು ಇಳಿಯುವುದಕ್ಕೆ ಮುಂಚೆ ಅವಳು ಹೋದಳು.

ನಮ್ಮವರ ಪದ್ಧತಿಯಂತೆ ಅವಳನ್ನು ಮಣ್ಣಿನಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿದರು. ಅವ್ವನ ಕೈಯಿಂದಾದ ದೋಷಕ್ಕೆ ಏನಾದರೂ ಪ್ರಾಯಶ್ಚಿತ್ತ ಮಾಡಿಸುವುದೋ ಎಂದು, ಅಣ್ಣನ ಬಾಯಿಂದ ವಿಷಯ ತಿಳಿದಿದ್ದ ಅಯ್ಯನವರು ಮೆಲ್ಲಗೆ ಕೇಳಿದರು. ಅವ್ವ ಅವರನ್ನು ದಿಟ್ಟಿಸಿ ನೋಡಿ, "ಯಾವ್ ದೋಸ ಬುದ್ಧಿ?" ಎಂದಳು. ಪುರಸಭೆಯ ಗುಮಾಸ್ತ ಸಾವು ಬರೆದುಕೊಳ್ಳಲು ಬಂದು, ಏನಾಗಿತ್ತು ಎಂದು ಅಣ್ಣನನ್ನು ವಿಚಾರಿಸಿದ. ಅಣ್ಣನಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. "ಜ್ವರ" ಎಂದುಬಿಟ್ಟ. ನಮ್ಮ ಅತ್ತಿಗೆಗೆ ಒಂದು ದಿನವೂ ಜ್ವರ ಬಂದಿರಲಿಲ್ಲ.

ಅಣ್ಣ ಮತ್ತೆ ಮದುವೆಯಾಗಲಿಲ್ಲ. ನನ್ನನ್ನು ಹಾಸನಕ್ಕೆ ಕಳಿಸಿ ಹೈಸ್ಕೂಲು ಓದಿಸಿದ, ಆಮೇಲೆ ಮೈಸೂರಿಗೆ ಕಳಿಸಿದ. "ಅವ್ಳು ಏಳ್ಬುಟ್ಟು ಓಗವ್ಳೆ" ಎಂದಷ್ಟೇ ಹೇಳಿದ. ನೆಂಟರು ಕೊಂಕಾಡಿದರೆ ಅವ್ವನೇ ಅವರ ಬಾಯಿ ಮುಚ್ಚಿಸುತ್ತಿದ್ದಳು. ನಾನು ಓದಿ ಯಾವ ಅಮಲ್ದಾರಿಯನ್ನೂ ಮಾಡಲಿಲ್ಲ. ಆರೋಗ್ಯ ಇಲಾಖೆಯಲ್ಲಿ ಲೆಕ್ಕದ ಕೆಲಸಕ್ಕೆ ಸೇರಿದೆ. ಯಾರ ಲೆಕ್ಕ? ಸತ್ತವರ ಲೆಕ್ಕ. ಊರೂರಿಂದ ಬಂದ ಸಾವುಗಳನ್ನು ಕಾರಣಗಳ ಪ್ರಕಾರ ಕೂಡಿ ಮೇಲಕ್ಕೆ ಕಳಿಸುವುದು, ಅವರು ದೇಶದ ಲೆಕ್ಕಕ್ಕೆ ಸೇರಿಸುವುದು. ನನ್ನ ಕಣ್ಣ ಮುಂದೆಯೇ ಪ್ಲೇಗು ಇಳಿಯಿತು, ಮೈಲಿಬೇನೆ ಇಳಿಯಿತು, ಕಾಲರಾ ಇಳಿಯತೊಡಗಿತು. ಮೇಲಿನ ಅಧಿಕಾರಿಗಳು ಸಂತೋಷಪಟ್ಟರು, ನಾನೂ ಪಟ್ಟೆ. ಪಟ್ಟಿಯಲ್ಲಿ ರಕ್ತದ ಕಾಯಿಲೆ ಎಂದು ಗೆರೆ ಎಳೆದ ಮನೆಯಲ್ಲಿ ಮಾತ್ರ ಯಾವಾಗಲೂ ನಾಲ್ಕಾರು ಸಾವು. ನಮ್ಮ ದೇಶದಲ್ಲಿ ಈ ಕಾಯಿಲೆ ಕಡಿಮೆ ಎಂದು ಒಬ್ಬ ದೊಡ್ಡ ಅಧಿಕಾರಿ ಹೇಳಿದಾಗ ನಾನು ನಕ್ಕುಬಿಟ್ಟೆ. ಅವರಿಗೆ ಸಿಟ್ಟು ಬಂತು. ಜ್ವರ ಎಂಬ ಮನೆಯಲ್ಲಿ ಎಷ್ಟು ಜನ ಅತ್ತಿಗೆಯರು ಇದ್ದಾರೆಂದು ಅವರಿಗೆ ಹೇಗೆ ವಿವರಿಸುವುದು?

ಆ ಕೆಲಸದಲ್ಲಿದ್ದಾಗಲೇ ಒಬ್ಬ ಲೇಡಿ ಡಾಕ್ಟರು ನಮಗೆಲ್ಲ ತಿಳಿಯುವ ಹಾಗೆ ಒಂದು ಪಾಠ ಮಾಡಿದರು. ಬಸುರಿಯರ ಈ ರಕ್ತದ ಕಾಯಿಲೆಗೆ ಈಲಿಯೇ ಬೇಕೆಂದಿಲ್ಲ. ಹೆಚ್ಚಿನವರಿಗೆ ಬೇಕಾದ ಸತ್ವ ಹಸಿರು ಸೊಪ್ಪಿನಲ್ಲೇ ಇದೆ, ಬಹಳ ಬೇಯಿಸದೆ ದಿನಾ ತಿಂದರೆ ಕಾಯಿಲೆ ಹತ್ತಿರ ಬರುವುದೇ ಅಪರೂಪ ಎಂದರು. ನಾನು ಎದ್ದು ಹೊರಗೆ ಹೋದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನಮ್ಮ ಹಿತ್ತಲನ್ನೇ ನೋಡಿ ಹುಟ್ಟಿತೋ ಏನೋ. ಅಲ್ಲಿ ನುಗ್ಗೆ ಇತ್ತು, ಹೊನಗೊನೆ ಇತ್ತು, ದಂಟು ಕೇಳುವವರಿಲ್ಲದೆ ಬೆಳೆದಿತ್ತು. ಮೊದಲ ಮಗು ಹೋದ ಮೇಲೆ, ಬಸುರಿ ಬಾಣಂತಿಗೆ ಸೊಪ್ಪು ನಂಜು ಎಂದು ಯಾರೋ ಹೇಳಿದ್ದನ್ನು ನಂಬಿ, ಅವ್ವ ಅತ್ತಿಗೆಯ ತಟ್ಟೆಗೆ ಒಂದು ಎಲೆಯೂ ಬೀಳದ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಅನ್ನ, ಮೆಣಸಿನ ಸಾರು, ತುಪ್ಪ. ಸೊಪ್ಪನ್ನೆಲ್ಲ ಕೊಯ್ದು ಹಸುವಿಗೆ ಹಾಕುತ್ತಿದ್ದಳು. ಅಷ್ಟು ಪ್ರೀತಿ ಅವಳಿಗೆ ಸೊಸೆಯ ಮೇಲೆ.

ಅವ್ವ ಬಹಳ ವರ್ಷ ಬದುಕಿದಳು. ಕಡೆಗಾಲದಲ್ಲಿ ಕಣ್ಣು ಮಂಜಾಗಿ, ಹಳೆಯದೇ ನೆನಪು ಜಾಸ್ತಿಯಾಯಿತು. ನಾನು ರಜಕ್ಕೆ ಹೋದಾಗಲೆಲ್ಲ ಹತ್ತಿರ ಕೂರಿಸಿಕೊಂಡು, ಕೈ ಹಿಡಿದು ಕೇಳುತ್ತಿದ್ದಳು.

"ನೀನು ಓದ್ದೋಳು. ದೊಡ್ ಡಾಕ್ಟ್ರ ಜೊತೇಲೆಲ್ಲ ಇರೋಳು. ನಿಜ ಏಳು ಕಣಮ್ಮಿ. ಆ ಮಗೀಗೆ ಬ್ಯಾರೆ ಏನಾರ ಕೊಡ್ಬೋದಿತ್ತಾ? ನಮ್ ಮನೇಲಿ ಇದ್ದದ್ದು, ನಮ್ ಕೈಲಿ ಆಗೋದು, ಬ್ಯಾರೆ ಏನಾರ ಇತ್ತಾ?"

"ಏನೂ ಇರ್ಲಿಲ್ಲ ಕಣವ್ವಾ" ಎನ್ನುತ್ತಿದ್ದೆ.

ಅವಳು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡು ಬಿಡುತ್ತಿದ್ದಳು. ಮುಂದಿನ ಸಲ ಹೋದಾಗ ಮತ್ತೆ ಕೇಳುತ್ತಿದ್ದಳು.